ದೊರೆಯ ನಂತರ ಯಾರು? ಬಿಜಾಪುರದ ಗದ್ದುಗೆಯಿಂದ ಇರಾನಿನ ತಜ್ಞರ ಸಭೆಯವರೆಗೆ

ಇರಾನಿನ ಸುದ್ದಿ ಬಂದಾಗಲೆಲ್ಲ ನಮ್ಮ ಕನ್ನಡ ಶಾಲೆಗಳ ಮೇಲಿನ ತರಗತಿಯ ಮಕ್ಕಳು ಒಂದು ಪ್ರಶ್ನೆಯನ್ನು ಕೇಳುತ್ತಾರೆ. ಆ ದೇಶದಲ್ಲಿ ಅಧ್ಯಕ್ಷರಿದ್ದಾರೆ. ಅವರಿಗಿಂತ ಮೇಲೆ ಸರ್ವೋಚ್ಚ ನಾಯಕರೆಂಬವರೂ ಇದ್ದಾರೆ. ಅಧ್ಯಕ್ಷರನ್ನು ಜನರು ಆರಿಸುತ್ತಾರೆ. ಹಾಗಾದರೆ ಸರ್ವೋಚ್ಚ ನಾಯಕರನ್ನು ಆರಿಸುವವರು ಯಾರು? ಅವರು ತೀರಿಕೊಂಡರೆ ಮಗನಿಗೆ ಅಧಿಕಾರ ಬರುತ್ತದೆಯೇ, ಚುನಾವಣೆ ನಡೆಯುತ್ತದೆಯೇ, ಅಥವಾ ಧರ್ಮಗುರುಗಳು ಕುಳಿತು ತೀರ್ಮಾನಿಸುತ್ತಾರೆಯೇ? ಪಠ್ಯಪುಸ್ತಕದಲ್ಲಿ ಇದಕ್ಕೆ ನೇರವಾದ ಉತ್ತರವಿಲ್ಲ. ಮನೆಯಲ್ಲಿ ಪೋಷಕರನ್ನು ಕೇಳಿದರೂ ಉತ್ತರ ಸಿಗುವುದು ಕಷ್ಟ. ಆದುದರಿಂದ ಈ ಲೇಖನದಲ್ಲಿ ಆ ವಿಷಯವನ್ನು ನಮಗೆ ತಿಳಿದ ಮಟ್ಟಿಗೆ ವಿವರಿಸಲು ಪ್ರಯತ್ನಿಸುತ್ತೇವೆ.

ಈ ವಿವರಣೆಯನ್ನು ಟೆಹರಾನಿನಿಂದ ಆರಂಭಿಸಬೇಕಾಗಿಲ್ಲ. ಕನ್ನಡ ನಾಡಿನಲ್ಲಿಯೇ ಸುಮಾರು ಇನ್ನೂರು ವರ್ಷ ಆಳಿದ ಬಿಜಾಪುರದ ಆದಿಲ್ ಶಾಹಿ ರಾಜ್ಯದಲ್ಲಿ ಒಬ್ಬ ದೊರೆಯಿಂದ ಇನ್ನೊಬ್ಬ ದೊರೆಗೆ ಅಧಿಕಾರ ಹೋದಾಗ ರಾಜ್ಯದ ಪಂಥ ಬದಲಾಗುತ್ತಿತ್ತು, ಆಸ್ಥಾನದಲ್ಲಿ ಅನ್ನ ತಿನ್ನುವವರು ಬದಲಾಗುತ್ತಿದ್ದರು, ಒಮ್ಮೆ ಲೆಕ್ಕಪತ್ರದ ಭಾಷೆಯೇ ಬದಲಾಯಿತು. ಶ್ರೀರಂಗಪಟ್ಟಣದಲ್ಲಿ ‘ದೇವರು ಕೊಟ್ಟ ಸರ್ಕಾರ’ವೆಂದು ಕರೆದುಕೊಂಡ ಆಳ್ವಿಕೆಯ ಉತ್ತರಾಧಿಕಾರವನ್ನು ಹೊರಗಿನವರು ತೀರ್ಮಾನಿಸಿದರು. ಕಲ್ಯಾಣದುರ್ಗ, ಹಿಂದೂಪುರ, ಮಡಕಶಿರಾ ಸೀಮೆಯ ಕನ್ನಡಿಗರಾದ ನಾವು ಇಂದು ಬೇರೊಂದು ರಾಜ್ಯದಲ್ಲಿ ಭಾಷಾ ಅಲ್ಪಸಂಖ್ಯಾತರಾಗಿರುವುದಕ್ಕೂ ಆ ತೀರ್ಮಾನಕ್ಕೂ ನಂಟಿದೆ. ಯಾವ ಮತವನ್ನೂ ಹೊಗಳುವುದಾಗಲಿ ತೆಗಳುವುದಾಗಲಿ ನಮ್ಮ ಉದ್ದೇಶವಲ್ಲ. ಅಧಿಕಾರವು ದೇವರಿಂದ ಬಂದದ್ದೆಂದು ಹೇಳಿದ ರಾಜ್ಯಗಳಲ್ಲಿಯೂ ಮುಂದಿನವರನ್ನು ಆರಿಸಿದವರು ಮನುಷ್ಯರೇ. ಆ ಆಯ್ಕೆಯ ಕ್ರಮ ಮೊದಲೇ ಗೊತ್ತಾಗಿರದಿದ್ದರೆ ಏನಾಗುತ್ತದೆ ಎಂಬುದೇ ಇಲ್ಲಿಯ ವಿಷಯ.

ಪೀರ್ಲ ಹಬ್ಬದ ಹಿಂದಿನ ಪ್ರಶ್ನೆ

ನಮ್ಮ ಜಿಲ್ಲೆಯ ಮಕ್ಕಳಿಗೆ ಪೀರ್ಲ ಹಬ್ಬವನ್ನು ಪರಿಚಯಿಸಬೇಕಾಗಿಲ್ಲ. ನಾರ್ಪಲ ಮಂಡಲದ ಗೂಗೂಡಿನಲ್ಲಿ ಕುಳ್ಳಾಯಿಸ್ವಾಮಿಯ ಜಾತ್ರೆಗೆ ಮೊಹರಂ ತಿಂಗಳಿನಲ್ಲಿ ಎಲ್ಲ ಜಾತಿ ಮತದವರೂ ಹೋಗುತ್ತಾರೆ. ಹಳ್ಳಿಹಳ್ಳಿಗಳಲ್ಲಿ ಪೀರುಗಳನ್ನು ಕೂರಿಸುತ್ತಾರೆ, ಅಗ್ನಿಗುಂಡದ ಸುತ್ತ ಕುಣಿಯುತ್ತಾರೆ. ಹಿಂದೂಪುರಕ್ಕೆ ಹೊಂದಿಕೊಂಡ ಗೌರಿಬಿದನೂರು ತಾಲ್ಲೂಕಿನ ಅಲೀಪುರವು ಶಿಯಾ ಮುಸ್ಲಿಮರೇ ಹೆಚ್ಚಾಗಿರುವ ದೊಡ್ಡ ಊರು. ಅಲ್ಲಿಯ ಮೊಹರಂ ಶೋಕಾಚರಣೆಯೂ ಸುತ್ತಲಿನವರಿಗೆ ಗೊತ್ತು.

ಈ ಹಬ್ಬದ ಮೂಲದಲ್ಲಿ ಇರುವುದು ಉತ್ತರಾಧಿಕಾರದ ಪ್ರಶ್ನೆಯೇ. ಪ್ರವಾದಿ ಮುಹಮ್ಮದರು ಕ್ರಿ.ಶ. 632ರಲ್ಲಿ ತೀರಿಕೊಂಡರು. ಅವರು ಧರ್ಮದ ಬೋಧಕರೂ ಆಗಿದ್ದರು, ಮದೀನಾದ ಆಡಳಿತದ ಮುಖ್ಯಸ್ಥರೂ ಆಗಿದ್ದರು. ಪ್ರವಾದಿತ್ವ ಅವರೊಂದಿಗೆ ಮುಗಿಯಿತೆಂಬುದನ್ನು ಎಲ್ಲ ಮುಸ್ಲಿಮರೂ ಒಪ್ಪುತ್ತಾರೆ. ಆದರೆ ಸಮುದಾಯದ ನಾಯಕತ್ವ ಯಾರಿಗೆ ಹೋಗಬೇಕು? ಹಿರಿಯ ಸಹಚರರು ಸೇರಿ ಅಬೂಬಕರ್ ಅವರನ್ನು ಖಲೀಫರೆಂದು ಒಪ್ಪಿಕೊಂಡರು. ಅವರ ನಂತರ ಉಮರ್, ಉಸ್ಮಾನ್, ಅಲಿ ಆ ಸ್ಥಾನಕ್ಕೆ ಬಂದರು. ಸಮುದಾಯದ ಹಿರಿಯರು ಒಪ್ಪಿದವರೇ ನಾಯಕರು ಎಂಬುದು ಸುನ್ನಿ ಪಂಥದ ನಿಲುವಾಯಿತು. ಪ್ರವಾದಿಯವರ ದಾಯಾದಿ ಸೋದರರೂ ಅಳಿಯರೂ ಆದ ಅಲಿ ಅವರನ್ನು ಪ್ರವಾದಿಯವರೇ ನೇಮಿಸಿದ್ದರು, ಆದ್ದರಿಂದ ನಾಯಕತ್ವವು ಅವರಿಗೂ ಅವರ ವಂಶದ ಇಮಾಮರಿಗೂ ಸೇರಬೇಕು ಎಂಬುದು ಶಿಯಾ ಪಂಥದ ನಿಲುವಾಯಿತು. ಅಲಿ ಅವರು 661ರಲ್ಲಿ ಹತರಾದರು. ಅವರ ಮಗ ಹುಸೇನ್ ಅವರು 680ರಲ್ಲಿ ಕರ್ಬಲಾದಲ್ಲಿ ಮಡಿದರು. ನಮ್ಮ ಹಳ್ಳಿಗಳ ಪೀರುಗಳು ನೆನಪಿಸುವುದು ಆ ಮರಣವನ್ನು.

ಶಿಯಾ ಪಂಥದ ಬಹುಸಂಖ್ಯಾತರು ಹನ್ನೆರಡು ಇಮಾಮರನ್ನು ನಂಬುತ್ತಾರೆ. ಹನ್ನೆರಡನೆಯ ಇಮಾಮರು ಒಂಬತ್ತನೆಯ ಶತಮಾನದಲ್ಲಿ ಜನರ ಕಣ್ಣಿಗೆ ಮರೆಯಾದರು, ಒಂದು ದಿನ ಮರಳಿ ಬರುತ್ತಾರೆ ಎಂಬುದು ಅವರ ವಿಶ್ವಾಸ. ಅವರು ಬರುವವರೆಗೆ ಆಡಳಿತ ನಡೆಸುವ ಹಕ್ಕು ಯಾರಿಗಿದೆ? ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇರಾನಿನ ಇಂದಿನ ವ್ಯವಸ್ಥೆ ನಿಂತಿರುವುದು ಈ ಪ್ರಶ್ನೆಗೆ ಕೊಟ್ಟ ಒಂದು ಉತ್ತರದ ಮೇಲೆ.

ಬಿಜಾಪುರ: ಶುಕ್ರವಾರದ ಪ್ರಾರ್ಥನೆಯಲ್ಲಿ ಯಾರ ಹೆಸರು?

ಬಹಮನಿ ರಾಜ್ಯ ಒಡೆದಾಗ ಯೂಸುಫ್ ಆದಿಲ್ ಶಾಹನು 1490ರಲ್ಲಿ ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಸ್ವತಂತ್ರ ಆಳ್ವಿಕೆಯನ್ನು ಆರಂಭಿಸಿದನು. ಬಿಜಾಪುರವು ಪೂರ್ಣ ಅರ್ಥದ ಧರ್ಮಪ್ರಭುತ್ವವಾಗಿರಲಿಲ್ಲ. ಸುಲ್ತಾನನು ಧರ್ಮಗುರುವಾಗಿರಲಿಲ್ಲ, ಅವನ ಪ್ರಜೆಗಳಲ್ಲಿ ಬಹುಪಾಲು ಕನ್ನಡ, ಮರಾಠಿ ಮಾತನಾಡುವ ಹಿಂದೂಗಳಾಗಿದ್ದರು. ಆದರೆ ರಾಜ್ಯಕ್ಕೊಂದು ಅಧಿಕೃತ ಪಂಥವಿತ್ತು. ಅದನ್ನು ಜನರಿಗೆ ತಿಳಿಸುವ ದಾರಿಯೆಂದರೆ ಖುತ್ಬಾ. ಶುಕ್ರವಾರದ ಸಾಮೂಹಿಕ ಪ್ರಾರ್ಥನೆಯ ಪ್ರವಚನದಲ್ಲಿ ಯಾರ ಹೆಸರುಗಳನ್ನು ಓದುತ್ತಾರೆ ಎಂಬುದರಿಂದ ರಾಜ್ಯ ಯಾವ ಪಂಥದ್ದು, ದೊರೆ ಯಾರು ಎಂಬುದು ಗೊತ್ತಾಗುತ್ತಿತ್ತು.

ಯೂಸುಫನು 1502ರ ಸುಮಾರಿಗೆ ಶಿಯಾ ಖುತ್ಬಾವನ್ನು ಓದಿಸಿದನು. ಇರಾನಿನಲ್ಲಿ ಸಫಾವಿ ವಂಶದ ಶಾಹ ಇಸ್ಮಾಯಿಲನು ಶಿಯಾ ಪಂಥವನ್ನು ರಾಜ್ಯದ ಪಂಥವನ್ನಾಗಿ ಮಾಡಿ ಆಗ ಒಂದು ವರ್ಷವಷ್ಟೇ ಆಗಿತ್ತು. ನೆರೆಯ ಸುಲ್ತಾನರು ಇದನ್ನು ವಿರೋಧಿಸಿ ಒಟ್ಟಾದಾಗ ಯೂಸುಫನು ಕೆಲಕಾಲ ಹಿಂದೆ ಸರಿಯಬೇಕಾಯಿತು. 1510ರಲ್ಲಿ ಅವನು ತೀರಿಕೊಂಡಾಗ ಮಗ ಇಸ್ಮಾಯಿಲನು ಇನ್ನೂ ಬಾಲಕ. ರಾಜ್ಯಭಾರವನ್ನು ವಹಿಸಿಕೊಂಡ ಕಮಾಲ್ ಖಾನನು ಸುನ್ನಿ ಖುತ್ಬಾವನ್ನು ಮರಳಿ ತಂದನು. ಬಳಿಕ ಬಾಲಕನನ್ನು ಬದಿಗೊತ್ತಿ ತಾನೇ ದೊರೆಯಾಗಲು ಹೊಂಚು ಹಾಕಿದನು. ಮರಾಠ ಕುಟುಂಬದಿಂದ ಬಂದಿದ್ದ ರಾಜಮಾತೆ ಬೂಬೂಜಿ ಖಾನಂ ಆ ಸಂಚನ್ನು ಮುರಿದಳು. ಕಮಾಲ್ ಖಾನನು 1511ರಲ್ಲಿ ಕೊಲೆಯಾದನು. ಇಸ್ಮಾಯಿಲನು ಬೆಳೆದು ಅಧಿಕಾರ ನಡೆಸತೊಡಗಿದಾಗ ಶಿಯಾ ಪಂಥ ಮತ್ತೆ ರಾಜ್ಯದ ಪಂಥವಾಯಿತು.

1534ರಲ್ಲಿ ಇಸ್ಮಾಯಿಲನು ಸತ್ತನು. ಹಿರಿಯ ಮಗ ಮಲ್ಲೂ ಗದ್ದುಗೆಗೆ ಬಂದನು. ಅವನ ಆಳ್ವಿಕೆ ಒಂದು ವರ್ಷವೂ ನಡೆಯಲಿಲ್ಲ. ಅವನ ನಡತೆಯಿಂದ ಬೇಸತ್ತ ಅಜ್ಜಿ ಬೂಬೂಜಿ ಖಾನಂಳೇ ಸರದಾರರ ನೆರವಿನಿಂದ ಅವನನ್ನು ಇಳಿಸಿದಳು. ಅವನ ಕಣ್ಣು ಕೀಳಿಸಲಾಯಿತು. ತಮ್ಮ ಇಬ್ರಾಹಿಮನು ದೊರೆಯಾದನು. ಇಬ್ರಾಹಿಮನು ಸುನ್ನಿ. ಅವನು ಖುತ್ಬಾದಿಂದ ಹನ್ನೆರಡು ಇಮಾಮರ ಹೆಸರುಗಳನ್ನು ತೆಗೆಸಿದನು; ಇರಾನ್ ಮೊದಲಾದ ಕಡೆಗಳಿಂದ ಬಂದಿದ್ದ ‘ಆಫಾಕಿ’ ಸರದಾರರಲ್ಲಿ ಹೆಚ್ಚಿನವರನ್ನು ಕೆಲಸದಿಂದ ಬಿಡಿಸಿದನು; ಸ್ಥಳೀಯರಾದ ದಖ್ಖನಿ ಮುಸ್ಲಿಮರಿಗೂ ಹಿಂದೂಗಳಿಗೂ ಹೆಚ್ಚು ಅವಕಾಶ ಕೊಟ್ಟನು. ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅದುವರೆಗೆ ಪಾರ್ಸಿ ಭಾಷೆಯಲ್ಲಿದ್ದ ಕಂದಾಯದ ಲೆಕ್ಕಪತ್ರಗಳನ್ನು ಇಬ್ರಾಹಿಮನು ದೇಶಭಾಷೆಗೆ ಬದಲಾಯಿಸಿ ಅವನ್ನು ಬ್ರಾಹ್ಮಣ ಕರಣಿಕರ ಕೈಗೆ ಒಪ್ಪಿಸಿದನು. ಬಿಜಾಪುರದ ಆಸ್ಥಾನದಲ್ಲಿಯೇ ಕುಳಿತು ಚರಿತ್ರೆ ಬರೆದ ಫರಿಶ್ತಾ ಇದನ್ನು ದಾಖಲಿಸಿದ್ದಾನೆ. ಕಂದಾಯ ಕಟ್ಟುವ ರೈತನಿಗೂ ಊರಿನ ಶಾನುಭೋಗನಿಗೂ ಈ ಬದಲಾವಣೆ ಎಷ್ಟು ದೊಡ್ಡದಾಗಿದ್ದಿರಬೇಕು ಎಂಬುದನ್ನು, ಮೀಸೇವಾ ಕೇಂದ್ರದಲ್ಲಿ ತಮಗೆ ಓದಲು ಬಾರದ ಲಿಪಿಯ ಅರ್ಜಿಯನ್ನು ಹಿಡಿದು ನಿಂತ ನಮ್ಮ ಹಳ್ಳಿಯ ಹಿರಿಯರು ಬಲ್ಲರು.

ಆದರೆ ಈ ಸುಧಾರಣೆ ನಿಂತಿದ್ದು ಒಬ್ಬ ದೊರೆಯ ಮನಸ್ಸಿನ ಮೇಲೆ. ಇಬ್ರಾಹಿಮನ ಮಗ ಅಲಿಗೆ ಶಿಯಾ ಪಂಥದ ಒಲವಿದ್ದುದರಿಂದ ತಂದೆಯೇ ಅವನನ್ನು ಮೀರಜ್ ಕೋಟೆಯಲ್ಲಿ ಇರಿಸಿದ್ದನು. 1558ರಲ್ಲಿ ತಂದೆ ಸತ್ತೊಡನೆ ಅಲಿಯೇ ಗದ್ದುಗೆಗೆ ಬಂದನು, ಶಿಯಾ ಖುತ್ಬಾ ಮರಳಿ ಬಂದಿತು, ಹೊರಗಿನಿಂದ ಬಂದ ಸರದಾರರೂ ಮರಳಿದರು. ಅರವತ್ತು ವರ್ಷಗಳೊಳಗೆ ರಾಜ್ಯದ ಪಂಥ ಹೀಗೆ ಮತ್ತೆ ಮತ್ತೆ ಹಿಂದುಮುಂದಾಯಿತು. ಪ್ರತಿಸಲವೂ ಅದು ದೇವರ ಹೆಸರಿನಲ್ಲಿಯೇ ಆಯಿತು. ಹಲವು ಸಲ ಅದಕ್ಕೆ ಕಾರಣವಾದದ್ದು ಅರಮನೆಯಲ್ಲಿ ಒಂದು ಸಾವು.

ಬಾಲದೊರೆಗಳೂ ರಾಜಪ್ರತಿನಿಧಿಗಳೂ

1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದವರಲ್ಲಿ ಈ ಅಲಿ ಆದಿಲ್ ಶಾಹನೂ ಒಬ್ಬ. ಆ ಸೋಲಿನ ಬಳಿಕ ವಿಜಯನಗರದ ಅರಸರು ತಮ್ಮ ರಾಜಧಾನಿಯನ್ನು ನಮ್ಮ ಪೆನುಕೊಂಡೆಗೆ ತಂದರು. ಬಿಜಾಪುರದ ಸೈನ್ಯ ಅಲ್ಲಿಯವರೆಗೂ ಬಂದಿತು. ಇಷ್ಟು ಬಲಶಾಲಿಯಾದ ದೊರೆಗೆ ಗಂಡುಮಕ್ಕಳಿರಲಿಲ್ಲ. ಅವನು ತಮ್ಮನ ಮಗ ಇಬ್ರಾಹಿಮನನ್ನು ಉತ್ತರಾಧಿಕಾರಿಯೆಂದು ಹೆಸರಿಸಿದನು. ಮಠದ ಗುರುಗಳು ತಮ್ಮ ಜೀವಿತಕಾಲದಲ್ಲಿಯೇ ಮರಿಯನ್ನು ಗೊತ್ತುಮಾಡುವಂತೆ ಇದೂ ಒಂದು ಮುಂಜಾಗ್ರತೆ. 1580ರಲ್ಲಿ ಅಲಿ ಕೊಲೆಯಾದಾಗ ಹೆಸರಿನ ಬಗೆಗೆ ಗೊಂದಲವಾಗಲಿಲ್ಲ. ಆದರೆ ಆ ಹೆಸರಿನ ಹುಡುಗನಿಗೆ ಆಗ ಒಂಬತ್ತು ವರ್ಷ. ಅವನ ಪರವಾಗಿ ಆಳುವವರು ಯಾರು ಎಂಬುದು ಎಲ್ಲಿಯೂ ಗೊತ್ತಾಗಿರಲಿಲ್ಲ.

ಅಲಿಯ ವಿಧವೆ ಚಾಂದಬೀಬಿ ಹುಡುಗನ ಪಾಲನೆಯ ಹೊಣೆ ಹೊತ್ತಳು. ಕಾಮಿಲ್ ಖಾನನು ಆಡಳಿತ ಹಿಡಿದನು. ಅವನನ್ನು ಕೆಡವಿ ಕಿಶ್ವರ್ ಖಾನನು ಬಂದನು. ಅವನು ಚಾಂದಬೀಬಿಯನ್ನೇ ಸತಾರಾ ಕೋಟೆಯಲ್ಲಿ ಸೆರೆಯಿಟ್ಟನು. ಹಬ್ಶಿ ಸರದಾರ ಇಖ್ಲಾಸ್ ಖಾನನು ಅವನನ್ನು ಓಡಿಸಿ ಅವಳನ್ನು ಬಿಡಿಸಿದನು. ಇಖ್ಲಾಸ್ ಖಾನನ ಕಣ್ಣು ಕೀಳಿಸಿ ದಿಲಾವರ್ ಖಾನನು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡು ಎಂಟು ವರ್ಷ ನಡೆಸಿದನು. 1590ರಲ್ಲಿ ಹತ್ತೊಂಬತ್ತು ವರ್ಷದವನಾದ ಇಬ್ರಾಹಿಮನು ಅವನನ್ನು ತೊಲಗಿಸಿ ನಿಜವಾದ ದೊರೆಯಾದನು. ‘ಕಿತಾಬ್-ಎ-ನವರಸ’ ಎಂಬ ಸಂಗೀತ ಕೃತಿಯನ್ನು ರಚಿಸಿದ, ಜಗದ್ಗುರು ಬಾದಶಹ ಎಂದು ಜನರು ಕರೆದ ಎರಡನೆಯ ಇಬ್ರಾಹಿಮನು ಇವನೇ. ಅವನ ಒಳ್ಳೆಯ ಆಳ್ವಿಕೆಗೆ ಮುಂಚಿನ ಹತ್ತು ವರ್ಷಗಳು ರಾಜಪ್ರತಿನಿಧಿಗಳ ಕಾದಾಟದಲ್ಲಿ ಹೋದವು.

1627ರಲ್ಲಿ ಅವನು ಸತ್ತಾಗಲೂ ಕ್ರಮ ಗೊತ್ತಾಗಿರಲಿಲ್ಲ. ಹಿರಿಯ ಮಗ ದರ್ವೇಶನ ಕಣ್ಣು ಕೀಳಿಸಿ ಕಿರಿಯವನಾದ ಮುಹಮ್ಮದನನ್ನು ಆಸ್ಥಾನದ ಪ್ರಬಲರು ಗದ್ದುಗೆಗೇರಿಸಿದರು. ಗೋಲಗುಮ್ಮಟದಲ್ಲಿ ಮಲಗಿರುವವನು ಈ ಮುಹಮ್ಮದನು. ಅವನ ಕಾಲದಲ್ಲಿಯೇ ರಣದುಲ್ಲಾ ಖಾನನ ನೇತೃತ್ವದ ಸೈನ್ಯವು ಶಿರಾ, ಬೆಂಗಳೂರುಗಳನ್ನು ಗೆದ್ದಿತು. 1656ರಲ್ಲಿ ಮುಹಮ್ಮದನು ಸತ್ತು ಎರಡನೆಯ ಅಲಿ ಪಟ್ಟಕ್ಕೆ ಬಂದಾಗ ಅಪಾಯ ಹೊರಗಿನಿಂದ ಬಂದಿತು. ಅಲಿಯು ಮುಹಮ್ಮದನ ಸ್ವಂತ ಮಗನಲ್ಲ, ಆದ್ದರಿಂದ ಅವನಿಗೆ ಹಕ್ಕಿಲ್ಲ ಎಂದು ಮೊಗಲರು ತಕರಾರು ತೆಗೆದರು. ಅದನ್ನೇ ನೆಪ ಮಾಡಿಕೊಂಡು ಔರಂಗಜೇಬನು 1657ರಲ್ಲಿ ದಂಡೆತ್ತಿ ಬಂದು ಬೀದರ್ ಮತ್ತು ಕಲ್ಯಾಣ ಕೋಟೆಗಳನ್ನು ಹಿಡಿದನು. 1672ರಲ್ಲಿ ಅಲಿ ಸತ್ತಾಗ ಮಗ ಸಿಕಂದರನಿಗೆ ನಾಲ್ಕು ವರ್ಷ. ಖವಾಸ್ ಖಾನ್, ಬಹಲೋಲ್ ಖಾನ್, ಸಿದ್ದಿ ಮಸೂದ್ ಒಬ್ಬರ ನಂತರ ಒಬ್ಬರಂತೆ ಅವನ ಹೆಸರಿನಲ್ಲಿ ಆಳಿದರು, ಒಬ್ಬರ ಮೇಲೊಬ್ಬರು ಬಿದ್ದರು. 1686ರ ಸೆಪ್ಟೆಂಬರ್ 12ರಂದು ಹದಿನೆಂಟು ವರ್ಷದ ಸಿಕಂದರನು ಔರಂಗಜೇಬನಿಗೆ ಶರಣಾದನು.

ಇದರ ಪರಿಣಾಮ ನಮ್ಮ ಬಾಗಿಲಿಗೂ ಬಂದಿತು. ಬಿಜಾಪುರದ ದಕ್ಷಿಣದ ಸೀಮೆಗಳನ್ನು ಮೊಗಲರು ಶಿರಾ ಸುಬೆಯೆಂದು ವ್ಯವಸ್ಥೆಗೊಳಿಸಿದರು. ಅದರ ಏಳು ಪರಗಣಗಳಲ್ಲಿ ಪೆನುಕೊಂಡೆಯೂ ಒಂದು. ಇಂದಿನ ಹಿಂದೂಪುರದ ಸುತ್ತಿನ ರೈತನು ಬಿಜಾಪುರದ ಅರಮನೆಯನ್ನು ಎಂದೂ ಕಂಡಿರಲಿಕ್ಕಿಲ್ಲ. ಆ ಅರಮನೆಯಲ್ಲಿ ಬಾಲಕನ ಪರವಾಗಿ ಯಾರು ಆಳಬೇಕೆಂಬುದು ಬಗೆಹರಿಯದೆ ಹೋದದ್ದರಿಂದ ಅವನು ಕಂದಾಯ ಕಟ್ಟುವ ಸರ್ಕಾರ ಬದಲಾಯಿತು.

‘ದೇವರು ಕೊಟ್ಟ ಸರ್ಕಾರ’

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಟಿಪ್ಪು ಸುಲ್ತಾನನು ತನ್ನ ಆಳ್ವಿಕೆಯನ್ನು ‘ಸರ್ಕಾರ್-ಎ-ಖುದಾದಾದ್’ ಎಂದು ಕರೆದನು; ದೇವರು ಕೊಟ್ಟ ಸರ್ಕಾರ ಎಂದು ಅದರ ಅರ್ಥ. ಹೆಸರು ಹೀಗಿದ್ದರೂ ಅದರ ಖಜಾನೆ ಮತ್ತು ಕಂದಾಯದ ವ್ಯವಹಾರದಲ್ಲಿ ಪೂರ್ಣಯ್ಯನಂಥ ಬ್ರಾಹ್ಮಣ ಅಧಿಕಾರಿಗಳು ಮುಖ್ಯರಾಗಿದ್ದರು. ಶೃಂಗೇರಿ ಮಠದೊಡನೆ ಸುಲ್ತಾನನ ಪತ್ರವ್ಯವಹಾರವೂ ಇತ್ತು. ಅದನ್ನು ಧರ್ಮಗುರುಗಳ ಆಳ್ವಿಕೆ ಎನ್ನಲಾಗದು. ಆದರೆ ಅಧಿಕಾರದ ಮೂಲ ದೇವರು ಎಂದು ಆ ಹೆಸರೇ ಸಾರುತ್ತಿತ್ತು. ಹಾಗಿದ್ದರೂ ಟಿಪ್ಪುವಿಗೆ ಆ ಅಧಿಕಾರ ಕೈಸೇರಿದ ಬಗೆ ನೋಡಬೇಕು.

1782ರ ಡಿಸೆಂಬರ್ 7ರಂದು ಹೈದರಾಲಿಯು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಶಿಬಿರದಲ್ಲಿ ತೀರಿಕೊಂಡನು. ಇಂಗ್ಲಿಷರೊಡನೆ ಯುದ್ಧ ನಡೆಯುತ್ತಿತ್ತು. ಹಿರಿಯ ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದನು. ಸುದ್ದಿ ಹೊರಬಿದ್ದರೆ ಸೈನ್ಯ ಚದುರುತ್ತದೆ, ಶತ್ರು ಮೇಲೆ ಬೀಳುತ್ತಾನೆ ಎಂದು ಪೂರ್ಣಯ್ಯ, ಕೃಷ್ಣರಾವ್ ಮೊದಲಾದವರು ಸಾವನ್ನು ಮುಚ್ಚಿಟ್ಟರು. ದೇಹವನ್ನು ಖಜಾನೆಯ ಪೆಟ್ಟಿಗೆಯಂತೆ ಕಾಣುವ ಪೆಟ್ಟಿಗೆಯಲ್ಲಿರಿಸಿ ಕೋಲಾರಕ್ಕೆ ಸಾಗಿಸಿದರು. ಶಿಬಿರದ ದಿನಚರಿ ಎಂದಿನಂತೆ ನಡೆಯಿತು. ಕಿರಿಯ ಮಗ ಅಬ್ದುಲ್ ಕರೀಮನನ್ನು ಗದ್ದುಗೆಗೇರಿಸಿ ಅವನ ಹೆಸರಿನಲ್ಲಿ ತಾವು ಆಳಬೇಕೆಂದು ಕೆಲವು ಅಧಿಕಾರಿಗಳು ನಡೆಸಿದ ಸಂಚು ಬಯಲಾಗಿ ಮುರಿದುಬಿತ್ತು. ಟಿಪ್ಪು ತ್ವರೆಯಿಂದ ಬಂದು ಆ ತಿಂಗಳ ಕೊನೆಯ ವೇಳೆಗೆ ಅಧಿಕಾರ ವಹಿಸಿಕೊಂಡನು. ಬರೆದಿಟ್ಟ ನಿಯಮವಿಲ್ಲದ ಕಡೆ ಕೆಲವೇ ಅಧಿಕಾರಿಗಳ ನಿಷ್ಠೆಯೇ ರಾಜ್ಯವನ್ನು ಕಾಯಬೇಕಾಯಿತು. ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಆಫ್ಘಾನಿಸ್ತಾನದ ತಾಲಿಬಾನ್ ನಾಯಕ ಮುಲ್ಲಾ ಉಮರ್ 2013ರಲ್ಲಿ ತೀರಿಕೊಂಡರೂ ಅವರ ಸಂಗಡಿಗರು ಆ ಸುದ್ದಿಯನ್ನು 2015ರವರೆಗೆ ಮುಚ್ಚಿಟ್ಟಿದ್ದರು.

ಟಿಪ್ಪುವಿನ ನಂತರ ಅಂತಹ ನಿಷ್ಠೆಗೂ ಅವಕಾಶ ಉಳಿಯಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಾಗ ಅವನಿಗೆ ಹಲವು ಮಂದಿ ಗಂಡುಮಕ್ಕಳಿದ್ದರು. ಆದರೆ ಉತ್ತರಾಧಿಕಾರಿಯನ್ನು ಗೊತ್ತುಮಾಡಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ. ಟಿಪ್ಪುವಿನ ಮಕ್ಕಳನ್ನು ವೆಲ್ಲೂರು ಕೋಟೆಗೆ ಕಳುಹಿಸಿ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನ ಪಟ್ಟ ಕಟ್ಟಲಾಯಿತು. ಉಳಿದ ಸೀಮೆಗಳನ್ನು ಕಂಪನಿಯೂ ನಿಜಾಮನೂ ಹಂಚಿಕೊಂಡರು. ನಿಜಾಮನು ಹೀಗೆ ಪಡೆದದ್ದನ್ನು, ತನ್ನ ರಕ್ಷಣೆಗೆ ಇರಿಸಿಕೊಂಡ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ 1800ರ ಒಪ್ಪಂದದಲ್ಲಿ ಕಂಪನಿಗೇ ಬಿಟ್ಟುಕೊಟ್ಟನು. ಇಂದಿನ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಹೀಗೆ ‘ದತ್ತ ಮಂಡಲ’ಗಳಾದವು, ಥಾಮಸ್ ಮನ್ರೋ ಅವುಗಳ ಮೊದಲ ಪ್ರಧಾನ ಕಲೆಕ್ಟರನಾದನು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿತು. ರಾಯದುರ್ಗ, ಆಲೂರು, ಆದೋನಿಗಳೂ ನಮ್ಮ ಅನಂತಪುರ ಜಿಲ್ಲೆಯೂ ಆಂಧ್ರದಲ್ಲಿ ಉಳಿದವು. ಪಾವಗಡದ ಮಗುವಿಗೆ ಕನ್ನಡ ರಾಜ್ಯಭಾಷೆ, ಪಕ್ಕದ ಮಡಕಶಿರಾದ ಮಗುವಿಗೆ ಅದು ಅಲ್ಪಸಂಖ್ಯಾತರ ಭಾಷೆ. 1799ರ ಹಂಚಿಕೆಯಲ್ಲಿ ಈ ಜನರ ಭಾಷೆ ಯಾವುದೆಂದು ಯಾರೂ ಕೇಳಿರಲಿಲ್ಲ.

ಇರಾನ್: ನಿಯಮ ಬರೆದಿಟ್ಟ ಧರ್ಮಪ್ರಭುತ್ವ

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಬಿಜಾಪುರದಲ್ಲಿಯೂ ಶ್ರೀರಂಗಪಟ್ಟಣದಲ್ಲಿಯೂ ಇಲ್ಲದ ಒಂದು ವಸ್ತು ಇರಾನಿನಲ್ಲಿದೆ. ಅದು ಬರೆದಿಟ್ಟ ಸಂವಿಧಾನ. 1979ರ ಕ್ರಾಂತಿಯಲ್ಲಿ ಶಾಹನ ಅರಸೊತ್ತಿಗೆ ಉರುಳಿದ ಬಳಿಕ ಅಯಾತೊಲ್ಲಾ ಖೊಮೇನಿಯವರ ನೇತೃತ್ವದಲ್ಲಿ ಅದು ಜಾರಿಗೆ ಬಂದಿತು. ಅದರ ತಳಹದಿ ‘ವಿಲಾಯತ್-ಎ-ಫಕೀಹ್’ ಎಂಬ ಸಿದ್ಧಾಂತ. ಹನ್ನೆರಡನೆಯ ಇಮಾಮರು ಮರಳಿ ಬರುವವರೆಗೆ ಧರ್ಮಶಾಸ್ತ್ರವನ್ನು ಬಲ್ಲ ನ್ಯಾಯನಿಷ್ಠ ಪಂಡಿತರೊಬ್ಬರು ರಾಜ್ಯದ ಪಾಲಕರಾಗಿರಬೇಕು ಎಂಬುದು ಅದರ ಸಾರ. ಮೇಲೆ ನೆನಪಿನಲ್ಲಿಟ್ಟುಕೊಳ್ಳಲು ಹೇಳಿದ ಪ್ರಶ್ನೆಗೆ ಇರಾನ್ ಕೊಟ್ಟ ಉತ್ತರ ಇದು. ಶಿಯಾ ಪಂಡಿತರೆಲ್ಲರೂ ಈ ಉತ್ತರವನ್ನು ಒಪ್ಪುವುದಿಲ್ಲ.

ಸಂವಿಧಾನದ ಪ್ರಕಾರ ಈ ಪಾಲಕರನ್ನು, ಅಂದರೆ ಸರ್ವೋಚ್ಚ ನಾಯಕರನ್ನು, ಆರಿಸುವುದು ತಜ್ಞರ ಸಭೆ. ಅದರ 88 ಸದಸ್ಯರೂ ಧರ್ಮಪಂಡಿತರು; ಅವರನ್ನು ಜನರು ಎಂಟು ವರ್ಷಗಳ ಅವಧಿಗೆ ಮತ ಹಾಕಿ ಆರಿಸುತ್ತಾರೆ. ನಾಯಕರನ್ನು ಆರಿಸುವುದು, ಅವರು ಅಸಮರ್ಥರಾದರೆ ಇಳಿಸುವುದು ಈ ಸಭೆಯ ಕೆಲಸ. ನಾಯಕರ ಸ್ಥಾನ ಖಾಲಿಯಾದರೆ ಹೊಸಬರ ಆಯ್ಕೆಯಾಗುವವರೆಗೆ ಅಧ್ಯಕ್ಷರು, ನ್ಯಾಯಾಂಗದ ಮುಖ್ಯಸ್ಥರು ಮತ್ತು ರಕ್ಷಕ ಮಂಡಳಿಯ ಒಬ್ಬ ಧರ್ಮಪಂಡಿತರು ಸೇರಿದ ಮೂವರ ಮಂಡಳಿಯು ತಾತ್ಕಾಲಿಕವಾಗಿ ಆ ಕೆಲಸಗಳನ್ನು ನಡೆಸಬೇಕು ಎಂದು 111ನೆಯ ವಿಧಿ ಹೇಳುತ್ತದೆ. ಕಮಾಲ್ ಖಾನನಿಗೂ ಕಿಶ್ವರ್ ಖಾನನಿಗೂ ತೆರೆದಿದ್ದ ಬಾಗಿಲನ್ನು ಮುಚ್ಚಲು ಮಾಡಿದ ವ್ಯವಸ್ಥೆ ಇದು.

ಆದರೆ ಕಾಗದದ ಮೇಲಿನ ಈ ಕ್ರಮವನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ತಜ್ಞರ ಸಭೆಯ ಚುನಾವಣೆಗೆ ಯಾರು ನಿಲ್ಲಬಹುದೆಂದು ಪರಿಶೀಲಿಸುವುದು ಹನ್ನೆರಡು ಮಂದಿಯ ರಕ್ಷಕ ಮಂಡಳಿ. ಅದರಲ್ಲಿ ಆರು ಮಂದಿ ಧರ್ಮಪಂಡಿತರನ್ನು ಸರ್ವೋಚ್ಚ ನಾಯಕರೇ ನೇಮಿಸುತ್ತಾರೆ. ಉಳಿದ ಆರು ಮಂದಿ ಕಾನೂನು ತಜ್ಞರ ಹೆಸರುಗಳನ್ನು ನ್ಯಾಯಾಂಗದ ಮುಖ್ಯಸ್ಥರು ಸೂಚಿಸಿ ಸಂಸತ್ತು ಒಪ್ಪುತ್ತದೆ. ಆ ಮುಖ್ಯಸ್ಥರನ್ನು ನೇಮಿಸುವವರೂ ಸರ್ವೋಚ್ಚ ನಾಯಕರೇ. ಹೀಗೆ ನಾಯಕರನ್ನು ಆರಿಸುವ ಸಭೆಗೆ ಬರುವವರನ್ನು ಸೋಸುವವರು ನಾಯಕರಿಂದಲೇ ಬಂದವರಾಗುತ್ತಾರೆ. 2016ರ ಚುನಾವಣೆಯಲ್ಲಿ ಖೊಮೇನಿಯವರ ಮೊಮ್ಮಗ ಹಸನ್ ಖೊಮೇನಿಯವರ ಉಮೇದುವಾರಿಕೆಯನ್ನೇ ಈ ಮಂಡಳಿ ತಿರಸ್ಕರಿಸಿತು.

ಬರೆದ ನಿಯಮವನ್ನು ಅಗತ್ಯ ಬಂದಾಗ ಬದಲಾಯಿಸಿದ್ದಕ್ಕೂ ಇರಾನಿನಲ್ಲಿಯೇ ಉದಾಹರಣೆಯಿದೆ. 1985ರಲ್ಲಿ ತಜ್ಞರ ಸಭೆಯು ಅಯಾತೊಲ್ಲಾ ಮುಂತಜರಿಯವರನ್ನು ಖೊಮೇನಿಯವರ ಉತ್ತರಾಧಿಕಾರಿಯೆಂದು ಗೊತ್ತುಮಾಡಿತ್ತು. 1988ರಲ್ಲಿ ರಾಜಕೀಯ ಕೈದಿಗಳನ್ನು ಸಾಮೂಹಿಕವಾಗಿ ಗಲ್ಲಿಗೇರಿಸಿದ್ದನ್ನು ಅವರು ಖಂಡಿಸಿದರು. 1989ರ ಮಾರ್ಚ್ ತಿಂಗಳಿನಲ್ಲಿ ಖೊಮೇನಿಯವರು ಅವರನ್ನು ಆ ಸ್ಥಾನದಿಂದ ಸರಿಸಿದರು. ಜೂನ್ 3ರಂದು ಖೊಮೇನಿಯವರು ತೀರಿಕೊಂಡರು. ಮರುದಿನವೇ ಸಭೆಯು ಆಗ ಅಧ್ಯಕ್ಷರಾಗಿದ್ದ ಅಲಿ ಖಾಮೆನೆಯಿಯವರನ್ನು ಆರಿಸಿತು. ಅಂದು ಜಾರಿಯಲ್ಲಿದ್ದ ಸಂವಿಧಾನದ ಪ್ರಕಾರ ನಾಯಕರು ‘ಮರ್ಜಾ’ ಎಂಬ ಅತ್ಯುನ್ನತ ಪಾಂಡಿತ್ಯದ ಸ್ಥಾನದಲ್ಲಿರಬೇಕಿತ್ತು. ಖಾಮೆನೆಯಿಯವರು ಆ ಸ್ಥಾನದಲ್ಲಿರಲಿಲ್ಲ. ಖೊಮೇನಿಯವರ ಕೊನೆಯ ತಿಂಗಳುಗಳಲ್ಲಿಯೇ ಸಂವಿಧಾನದ ತಿದ್ದುಪಡಿಯ ಕೆಲಸ ಆರಂಭವಾಗಿತ್ತು. ಆಯ್ಕೆಯ ನಂತರ, ಜುಲೈ 28ರ ಜನಮತಗಣನೆಯಲ್ಲಿ, ಆ ನಿಬಂಧನೆಯನ್ನು ತೆಗೆದುಹಾಕಲಾಯಿತು. ಬೆಳೆ ಬಂದ ಮೇಲೆ ಬೇಲಿಯನ್ನು ಸರಿಸಿದಂತಾಯಿತು.

ಆದರೂ ನ್ಯಾಯವಾಗಿ ಹೇಳಬೇಕೆಂದರೆ, 1989ರಲ್ಲಿ ಯಾರ ಕಣ್ಣನ್ನೂ ಕೀಳಿಸಲಿಲ್ಲ, ಸಾವನ್ನು ಮುಚ್ಚಿಡಲಿಲ್ಲ, ಹೊರಗಿನವರು ಬಂದು ಗದ್ದುಗೆಯನ್ನು ಹಂಚಲಿಲ್ಲ. ಒಂದೇ ದಿನದಲ್ಲಿ ಅಧಿಕಾರ ಕೈಬದಲಾಯಿತು. ಬರೆದ ನಿಯಮಕ್ಕೆ, ಅದು ಅರೆಕೊರೆಯಾಗಿದ್ದರೂ, ಇಷ್ಟು ಬೆಲೆಯಿದೆ. ಅದರ ಕೊರತೆಯೂ ಅಲ್ಲಿಯೇ ಕಾಣುತ್ತದೆ. ನಿಯಮವನ್ನು ಬದಲಾಯಿಸುವ ಶಕ್ತಿ, ಆರಿಸುವವರನ್ನು ಸೋಸುವ ಶಕ್ತಿ ಎರಡೂ ಒಂದೇ ಕಡೆ ಸೇರಿದರೆ ಸಾಮಾನ್ಯ ಪ್ರಜೆಗೆ ಉಳಿಯುವುದು ಅಲ್ಪ.

ಮಕ್ಕಳಿಗೆ ಹೇಳಬೇಕಾದದ್ದು

ಮನೆಯಲ್ಲಿ ಮಗು ಈ ಪ್ರಶ್ನೆಯನ್ನು ಕೇಳಿದರೆ ಪೋಷಕರು ಅದಕ್ಕೆ ಮೂರು ಮರುಪ್ರಶ್ನೆಗಳನ್ನು ಕಲಿಸಬಹುದು. ಮುಂದಿನ ನಾಯಕರನ್ನು ಆರಿಸುವವರು ಯಾರು? ಆ ಕ್ರಮವನ್ನು ಮೊದಲೇ ಬರೆದಿಟ್ಟಿದ್ದಾರೆಯೇ? ಆರಿಸುವವರನ್ನು ಗೊತ್ತುಮಾಡುವವರು ಯಾರು? ಬಿಜಾಪುರ ಮೊದಲನೆಯ ಪ್ರಶ್ನೆಯಲ್ಲಿಯೇ ಎಡವಿತು. ಶ್ರೀರಂಗಪಟ್ಟಣ ಎರಡನೆಯದರಲ್ಲಿ ಎಡವಿತು. ಇರಾನ್ ಎರಡನ್ನೂ ದಾಟಿ ಮೂರನೆಯದರಲ್ಲಿ ಸಿಕ್ಕಿಕೊಂಡಿದೆ. ಈ ಮೂರು ಪ್ರಶ್ನೆಗಳನ್ನು ಯಾವ ರಾಜ್ಯಕ್ಕಾದರೂ, ಯಾವ ಪಕ್ಷಕ್ಕಾದರೂ, ಊರಿನ ಸಹಕಾರ ಸಂಘಕ್ಕಾದರೂ ಕೇಳಬಹುದು. ಇದನ್ನು ಒಂದು ಮತದವರ ದೋಷವೆಂದು ಮಗು ತಿಳಿಯದಂತೆ ನೋಡಿಕೊಳ್ಳಬೇಕು. ಚಾಂದಬೀಬಿಯೂ ಎರಡನೆಯ ಇಬ್ರಾಹಿಮನೂ ನಮ್ಮ ನಾಡಿನ ಹಿರಿಮೆಯೇ. ವಿಜಯನಗರದಲ್ಲಿಯೂ ಪೆನುಕೊಂಡೆಯ ಅರಸರಲ್ಲಿಯೂ ಪಟ್ಟಕ್ಕಾಗಿ ದಾಯಾದಿ ಕಲಹಗಳು ನಡೆದಿವೆ.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದರಲ್ಲಿ ಇನ್ನೊಂದು ಪಾಠವಿದೆ. ಇಬ್ರಾಹಿಮನು ಲೆಕ್ಕಪತ್ರವನ್ನು ದೇಶಭಾಷೆಗೆ ತಂದದ್ದು ಒಳ್ಳೆಯ ಕೆಲಸ. ಆದರೆ ಅದು ದೊರೆಯ ಕೃಪೆಯಿಂದ ಬಂದದ್ದು, ಪ್ರಜೆಯ ಹಕ್ಕಾಗಿ ಬಂದದ್ದಲ್ಲ. ನಮ್ಮ ಕನ್ನಡ ಶಾಲೆಗಳು ಅಂತಹ ಕೃಪೆಯ ಮೇಲೆ ನಿಂತಿಲ್ಲ. ಸಂವಿಧಾನದ 29 ಮತ್ತು 30ನೆಯ ವಿಧಿಗಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ, ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿವೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ. 350ಬಿ ವಿಧಿಯು ಇದನ್ನು ಗಮನಿಸಿ ರಾಷ್ಟ್ರಪತಿಗಳಿಗೆ ವರದಿ ಸಲ್ಲಿಸಲು ವಿಶೇಷ ಅಧಿಕಾರಿಯೊಬ್ಬರನ್ನು ನೇಮಿಸಲು ಅವಕಾಶ ಮಾಡಿದೆ. ಸರ್ಕಾರ ಬದಲಾದರೂ, ಮುಖ್ಯಮಂತ್ರಿಗಳು ಬದಲಾದರೂ, ಕಲೆಕ್ಟರರು ವರ್ಗವಾದರೂ ಈ ವಿಧಿಗಳು ಬದಲಾಗುವುದಿಲ್ಲ.

ಆದರೆ ಬರೆದದ್ದು ತಾನಾಗಿಯೇ ಕೆಲಸ ಮಾಡುವುದಿಲ್ಲ ಎಂಬುದನ್ನೂ ಇರಾನಿನ 1989 ತೋರಿಸಿದೆ. ಕನ್ನಡ ಪಠ್ಯಪುಸ್ತಕ ತಡವಾಗಿ ಬಂದಾಗ, ಕನ್ನಡ ಬಲ್ಲ ಶಿಕ್ಷಕರ ಹುದ್ದೆ ಖಾಲಿ ಉಳಿದಾಗ, ಮಕ್ಕಳ ಸಂಖ್ಯೆ ಕಡಿಮೆಯೆಂದು ಮಾಧ್ಯಮವನ್ನೇ ಮುಚ್ಚುವ ಮಾತು ಬಂದಾಗ ‘ಹೊಸ ಅಧಿಕಾರಿಗಳು ಬಂದರೆ ಸರಿಹೋಗುತ್ತದೆ’ ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ಒಳ್ಳೆಯ ಅಧಿಕಾರಿಗಳು ಬರಲೆಂದು ನಾವೂ ಬಯಸುತ್ತೇವೆ. ಆದರೆ ಅರ್ಜಿಯಲ್ಲಿ ವಿಧಿಯ ಸಂಖ್ಯೆಯನ್ನು ಬರೆದು ಕೇಳುವುದು, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯುವುದು, ಶಾಲಾ ಪೋಷಕರ ಸಮಿತಿಯ ನಡಾವಳಿ ಪುಸ್ತಕದಲ್ಲಿ ಆ ಬೇಡಿಕೆಯನ್ನು ದಾಖಲಿಸುವುದು ನಮ್ಮ ಕೈಯಲ್ಲಿರುವ ಕೆಲಸಗಳು. ಈ ಶಾಲಾ ವರ್ಷದ ಮೊದಲ ಸಭೆಯಲ್ಲಿಯೇ 350ಎ ವಿಧಿಯನ್ನು ಕನ್ನಡದಲ್ಲಿ ಬರೆದು ಓದಿಸಿ, ನಡಾವಳಿಗೆ ಅಂಟಿಸಿಕೊಳ್ಳಬೇಕೆಂದು ಎಲ್ಲ ಕನ್ನಡ ಶಾಲೆಗಳ ಪೋಷಕರನ್ನು ನಾವು ಕೋರುತ್ತೇವೆ.